ಗೋಡೆಗೆ 'ಹಾಯ್ ಫ್ರೆಂಡ್ಸ್' ಹೇಳುವ ಮೊಮ್ಮಗ

ಪ್ರಶ್ನೆ: ನನಗೆ 66 ವರ್ಷ. ಊರು ಬ್ರಹ್ಮಾವರದ ಹತ್ತಿರ. ಎರಡು ವರ್ಷದಿಂದ ಮಂಗಳೂರಿನ ಬಿಜೈಯಲ್ಲಿ ಮಗನ ಫ್ಲ್ಯಾಟಿನಲ್ಲಿ ಇದ್ದೇನೆ. ಮೊಮ್ಮಗನಿಗೆ ಐದು ವರ್ಷ, ಯುಕೆಜಿ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ಶಾಲೆಯಿಂದ ಬಂದ ಮೇಲೆ ಅವನು ಚಟ್ಟುಗದ ತುದಿಗೆ ಸಾಬೂನು ಡಬ್ಬ ಕಟ್ಟಿ, ಅದನ್ನು ಎತ್ತಿ ಹಿಡಿದು, ಗೋಡೆಗೆ "ಹಾಯ್ ಫ್ರೆಂಡ್ಸ್, ವೆಲ್‌ಕಮ್ ಬ್ಯಾಕ್" ಎನ್ನುತ್ತಾನೆ. ಖಾಲಿ ಪಾರ್ಸೆಲ್ ಡಬ್ಬ ಬಿಡಿಸಿ "ವಾವ್" ಎನ್ನುತ್ತಾನೆ. ಕಡೆಗೆ "ಲೈಕ್ ಮಾಡಿ, ಸಬ್‌ಸ್ಕ್ರೈಬ್ ಮಾಡಿ". ನಾವು ಸಣ್ಣದಿರುವಾಗ ಅಡಿಕೆ ಹಾಳೆಯ ಕಿರೀಟ ಕಟ್ಟಿ, ಬಿಸ್ಕಿಟ್ ಡಬ್ಬವನ್ನು ಚೆಂಡೆ ಮಾಡಿ, ಅಂಗಳದಲ್ಲಿ ಯಕ್ಷಗಾನ ಆಡುತ್ತಿದ್ದೆವು. ಈಗಿನ ಮಕ್ಕಳಿಗೆ ಕಲ್ಪನೆ ಎನ್ನುವುದೇ ಇಲ್ಲದೆ ಹೋಯಿತಾ? ಒಬ್ಬನೇ ಹೀಗೆ ಮಾತಾಡುವುದು ಸರಿಯಾ? ನಮ್ಮ ಕಾಲದ ಆಟ ಇವನಿಗೆ ಕಲಿಸುವುದು ಹೇಗೆ? ಮಗನ ಹತ್ತಿರ ಹೇಳಿದರೆ "ಕಾಲ ಬದಲಾಗಿದೆ ಅಮ್ಮ" ಎಂದು ನಗುತ್ತಾನೆ.

ಉತ್ತರ:

ಅಕ್ಕ, ಮೊದಲು ಆ ಚಟ್ಟುಗದ ವಿಷಯ ಮಾತಾಡುವ.

ನಿಮ್ಮ ಮೊಮ್ಮಗನ ಕೈಯಲ್ಲಿ ಆಗ ಫೋನು ಇಲ್ಲ. ಅಡುಗೆಮನೆಯಿಂದ ಚಟ್ಟುಗ ತಂದ, ಬಚ್ಚಲಿನಿಂದ ಸಾಬೂನು ಡಬ್ಬ ತಂದ, ಎರಡನ್ನೂ ಕಟ್ಟಿದ, ಅದು ಕ್ಯಾಮೆರಾ ಆಯಿತು. ಎದುರು ಯಾರೂ ಇಲ್ಲ, ಅವನ ಲೆಕ್ಕದಲ್ಲಿ ಊರಿಗೆ ಊರೇ ಕೂತಿದೆ. ಪಾರ್ಸೆಲ್ ಡಬ್ಬದಲ್ಲಿ ಏನೂ ಇಲ್ಲ, ಅದನ್ನೂ ಎರಡು ಬೆರಳಲ್ಲಿ ಎತ್ತಿ ತೋರಿಸುತ್ತಾನೆ. ನೀವು ಅಡಿಕೆ ಹಾಳೆಯನ್ನು ತಲೆಗೆ ಕಟ್ಟಿ ಕಿರೀಟ ಎಂದಿರಿ. ಅವನು ಸಾಬೂನು ಡಬ್ಬ ಹಿಡಿದು ಕ್ಯಾಮೆರಾ ಎಂದ. ನಿಮ್ಮದು ಆಟ, ಅವನದು ಕಾಯಿಲೆ ಹೇಗಾಗುತ್ತದೆ?

ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗಾಟ್‌ಸ್ಕಿ 1933ರಲ್ಲಿ ಆಟದ ಬಗ್ಗೆ ಒಂದು ಉಪನ್ಯಾಸ ಕೊಟ್ಟಿದ್ದರು. ಮಕ್ಕಳ ಮನಸ್ಸಿನ ಕೆಲಸ ಮಾಡುವ ನಾವು ಈಗಲೂ ಅದನ್ನು ಓದುತ್ತೇವೆ. ಕೋಲನ್ನು ಕುದುರೆ ಮಾಡಿಕೊಂಡು ಓಡುವ ಮಗುವಿನ ಮಾತು ಅದರಲ್ಲಿ ಬರುತ್ತದೆ. ತೀರಾ ಸಣ್ಣ ಮಗುವಿಗೆ ಕಂಡದ್ದೇ ಸತ್ಯ, ಕೋಲು ಅಂದರೆ ಕೋಲು. ಕೋಲನ್ನು ಕುದುರೆ ಎಂದ ದಿನ ಅದರ ತಲೆಯಲ್ಲಿ ಒಂದು ಗಂಟು ಬಿಚ್ಚಿಕೊಳ್ಳುತ್ತದೆ. ಕುದುರೆ ಎನ್ನುವ ಅರ್ಥ ಕುದುರೆಯನ್ನು ಬಿಟ್ಟು ಬೇರೆ ಕಡೆ ಹೋಗಿ ಕೂರಬಹುದು ಎಂದು ಗೊತ್ತಾಗುತ್ತದೆ. ಮುಂದೆ 'ಅ' ಎನ್ನುವ ಗೆರೆ ಒಂದು ಧ್ವನಿ, '5' ಎನ್ನುವ ಗೆರೆ ಐದು ಮಾವಿನಹಣ್ಣು ಎಂದು ಒಪ್ಪಿಕೊಳ್ಳುವುದಕ್ಕೂ ಇದೇ ಬುದ್ಧಿ ಬೇಕು.

ಇದು ಬರುವುದಕ್ಕೆ ಒಂದು ವರಸೆ ಉಂಟು. ಒಂದೂವರೆ ವರ್ಷದ ಹೊತ್ತಿಗೆ ಮಗು ಖಾಲಿ ಲೋಟದಿಂದ ಕುಡಿದ ಹಾಗೆ ಮಾಡುತ್ತದೆ. ಎರಡಕ್ಕೆ ಗೊಂಬೆಗೂ ಕುಡಿಸುತ್ತದೆ. ಮೂರರ ಹೊತ್ತಿಗೆ ಲೋಟವೂ ಬೇಡ, ಬಾಚಣಿಗೆಯೇ ಲೋಟ. ನಾಲ್ಕು ಐದಕ್ಕೆ ನೀನು ಡಾಕ್ಟರು, ನಾನು ಪೇಶೆಂಟು ಎಂದು ಪಾತ್ರ ಹಂಚಿಕೊಳ್ಳುತ್ತವೆ. ಏಳು ದಾಟಿದ ಮೇಲೆ ಲಗೋರಿ, ಕುಟ್ಟಿದೊಣ್ಣೆ, ಕ್ರಿಕೆಟ್ ಅಂತ ನಿಯಮದ ಆಟಗಳ ಕಡೆ ಮನಸ್ಸು ಹೋಗುತ್ತದೆ. ನಿಮ್ಮ ಮೊಮ್ಮಗ ಎಲ್ಲಿರಬೇಕೋ ಅಲ್ಲೇ ಇದ್ದಾನೆ.

ಅಂದ ಹಾಗೆ, "ಈಗಿನ ಮಕ್ಕಳು ಲಗೋರಿ ಆಡುವುದಿಲ್ಲ, ಚೆನ್ನೆಮಣೆ ಗೊತ್ತಿಲ್ಲ" ಎಂದು ಜನ ಗೋಳಾಡುತ್ತಾರಲ್ಲ, ಅದು ಬೇರೆ ವಿಷಯ. ಅವು ನಿಯಮದ ಆಟಗಳು. ಚೆನ್ನೆಮಣೆಯಲ್ಲಿ ಯಾರೂ ಬೇರೆ ಯಾರೋ ಆಗುವುದಿಲ್ಲ. ನೀವು ಕೇಳಿದ್ದು ಬೇರೆ ಯಾರೋ ಆಗುವ ಆಟದ ಬಗ್ಗೆ. ಈ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಅಳುವುದರಿಂದ ಎಷ್ಟೋ ಗೊಂದಲ ಆಗಿದೆ.

ಈಗ ನಿಮ್ಮ ಅಂಗಳಕ್ಕೆ ಬರೋಣ. ಆ ಯಕ್ಷಗಾನ ನಿಮ್ಮ ತಲೆಯಲ್ಲೇ ಹುಟ್ಟಿದ್ದಾ? ಮೇಳ ಬಂದಿತ್ತು. ರಾತ್ರಿಯಿಡೀ ಆಟ ನೋಡಿ, ಅರ್ಧ ನಿದ್ದೆ ಮಾಡಿ, ರಾಕ್ಷಸ ವೇಷ ಬಂದಾಗ ಎದ್ದು, ಬೆಳಿಗ್ಗೆ ಅಜ್ಜಿಯ ಬೆನ್ನ ಹಿಂದೆ ನಡೆದು ಮನೆಗೆ ಬಂದವರು ನೀವು. ಮೇ ಕಡೆಗೆ ಬರುವ ಪತ್ತನಾಜೆಯ ದಿನ ದೊಡ್ಡವರ ಮೇಳ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಕ್ಕಳ ಮೇಳ ಗೆಜ್ಜೆ ಕಟ್ಟುತ್ತಿತ್ತು. ನನ್ನ ಅಮ್ಮ ಹೇಳುತ್ತಿದ್ದರು: ಹಾಳೆಯ ಕಿರೀಟ, ಹಲಸಿನ ಎಲೆಗೆ ಹಿಡಿಸೂಡಿ ಕಡ್ಡಿ ಚುಚ್ಚಿ ಮಾಡಿದ ಭುಜಕೀರ್ತಿ, ಮೀಸೆಗೆ ಒಲೆಯ ಮಸಿ, ತುಟಿಗೆ ಬಸಳೆ ಹಣ್ಣಿನ ಬಣ್ಣ. ಇಬ್ಬರು ಬೈರಾಸಿನ, ಅಂದರೆ ಟವೆಲಿನ, ಎರಡು ತುದಿ ಹಿಡಿದರೆ ಅದು ತೆರೆ. ತೆರೆಯ ಹಿಂದಿನಿಂದ ಮಹಿಷಾಸುರ ಕೂಗಿದರೆ ಹಟ್ಟಿಯಲ್ಲಿದ್ದ ಕರು ಬೆದರುತ್ತಿತ್ತಂತೆ. ಕೋಲ ನೋಡಿ ಬಂದು ಭೂತ ಕಟ್ಟಲು ಹೊರಟರೆ ಮಾತ್ರ ದೊಡ್ಡವರು ಗದರಿಸುತ್ತಿದ್ದರು. ದೈವದ ವಿಷಯದಲ್ಲಿ ಹುಡುಗಾಟ ಇಲ್ಲ. ಆ ಗೆರೆ ಎಲ್ಲಿದೆ ಎಂದು ಮಕ್ಕಳಿಗೂ ಗೊತ್ತಿತ್ತು.

ಹಾಗಾದರೆ ನಿಮ್ಮ ಕಾಲದ ಮಕ್ಕಳು ಊರಲ್ಲಿ ಯಾವುದು ಎಲ್ಲಕ್ಕಿಂತ ದೊಡ್ಡ ಸಂಗತಿಯೋ ಅದನ್ನು ಎತ್ತಿ ಅಂಗಳಕ್ಕೆ ತಂದರು. ನನ್ನ ಕಾಲದಲ್ಲೂ ಅದೇ ಕಥೆ. 1987ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಧಾರಾವಾಹಿ ಶುರುವಾದಾಗ ನಾನು ಮೂರನೇ ಕ್ಲಾಸು. ನಮ್ಮ ಬೀದಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ನೋಡಿ ಬಂದವರೇ ಬಿದಿರ ಸೀಳಿಗೆ ಗೋಣಿ ದಾರ ಕಟ್ಟಿ ಬಿಲ್ಲು ಮಾಡುತ್ತಿದ್ದೆವು. ಬಾಣ ಹಿಡಿಸೂಡಿ ಕಡ್ಡಿಯದು. ತಿಂಗಳೊಳಗೆ ಮನೆಯ ಹಿಡಿಸೂಡಿ ಬೋಳಾಯಿತು. ಬಾಣ ಬಿಡುವ ಮೊದಲು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಮಂತ್ರ ಹೇಳಬೇಕು, ಟಿವಿಯಲ್ಲಿ ಹಾಗೇ ಇತ್ತು. ನನ್ನ ಚಿಕ್ಕಪ್ಪನ ಮಗನ ಹುಬ್ಬಿನ ಮೇಲೆ ಈಗಲೂ ಒಂದು ಕಲೆ ಉಂಟು, ಅರ್ಧ ಇಂಚು ಕೆಳಗೆ ಬಿದ್ದಿದ್ದರೆ ಕಣ್ಣೇ ಹೋಗುತ್ತಿತ್ತು. ಆಗಲೂ ಅಜ್ಜಂದಿರು ಹೇಳಿದ್ದು ಇದನ್ನೇ: "ಈ ಟಿವಿ ಬಂದು ಮಕ್ಕಳು ಹಾಳಾದವು."

ನಾನು ಈ ಊರಲ್ಲಿ ಮಕ್ಕಳನ್ನು ನೋಡಲು ಶುರು ಮಾಡಿ 22 ವರ್ಷ ಆಯಿತು. ನನ್ನ ಕೋಣೆಯ ಹೊರಗೆ ಕಾಯುವವರಿಗೆ ಆರು ಪ್ಲಾಸ್ಟಿಕ್ ಕುರ್ಚಿ ಉಂಟು. ಮೂರು ಮಕ್ಕಳು ಸೇರಿದರೆ ಆ ಕುರ್ಚಿಗಳು ಹಿಂದೆ ಮುಂದೆ ನಿಂತು ಬಸ್ಸಾಗುತ್ತವೆ. ಯಾರೂ ಹೇಳಿಕೊಟ್ಟದ್ದಲ್ಲ. ಒಬ್ಬ ಡ್ರೈವರ್, ಒಬ್ಬ ಕಂಡಕ್ಟರ್, ಒಬ್ಬ ಪಾಪ ಪ್ಯಾಸೆಂಜರ್. ಎಲ್ಲರೂ ಕಂಡಕ್ಟರ್ ಆಗಲು ಹೊಡೆದಾಡುತ್ತಾರೆ. ನಮ್ಮ ಕಡೆಯ ಖಾಸಗಿ ಬಸ್ಸಿನ ಕಂಡಕ್ಟರ್ ಅಂದರೆ ಸಣ್ಣ ಮನುಷ್ಯ ಅಲ್ಲ ನೋಡಿ. ಓಡುವ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಾನೆ, ವಿಸಿಲ್ ಊದುತ್ತಾನೆ, "ದುಂಬು ಪೋಲೆ, ದುಂಬು ಪೋಲೆ" ಎಂದು ಹಿರಿಯರನ್ನೂ ಮುಂದೆ ತಳ್ಳುತ್ತಾನೆ, "ರೈಟ್, ಪೋಯಿ" ಎಂದರೆ ಮಾತ್ರ ಬಸ್ಸು ಹೊರಡುತ್ತದೆ. ಆ ಅಧಿಕಾರ ಯಾವ ಮಗುವಿಗೆ ಬೇಡ!

ಆ ಬಸ್ಸಿನಲ್ಲೇ ನಾನು ಕಾಲ ಬದಲಾಗುವುದನ್ನು ನೋಡಿದೆ. ಮೊದಮೊದಲು ಟಿಕೆಟ್ ಅಂದರೆ ಹಳೆ ಪತ್ರಿಕೆಯ ಚೂರು. ನನ್ನ ಪತ್ರಿಕೆಗಳೆಲ್ಲ ಮೂಲೆ ಹರಿದು ಹೋಗಿದ್ದವು. ಆಮೇಲೆ ಬಸ್ಸುಗಳಲ್ಲಿ ಟಿಕೆಟ್ ಮೆಷಿನ್ ಬಂತು, ಮಕ್ಕಳು ಅಂಗೈಯನ್ನೇ ಬೆರಳಲ್ಲಿ ಒತ್ತಿ ಬಾಯಲ್ಲಿ "ಟಿರ್ರ್" ಎನ್ನತೊಡಗಿದರು. ಪತ್ರಿಕೆ ಉಳಿಯಿತು. ಕಳೆದ ವರ್ಷ ಸುರತ್ಕಲ್ ಕಡೆಯ ಒಬ್ಬ ನಾಲ್ಕೂವರೆ ವರ್ಷದ ಹುಡುಗ ಕಂಡಕ್ಟರ್ ಆದ. ಪ್ಯಾಸೆಂಜರ್ ಹುಡುಗಿ ಸುಮ್ನೆ ಕೈ ಚಾಚಿ ದುಡ್ಡು ಕೊಟ್ಟಂತೆ ಮಾಡಿದಳು. ಅವನು ತೆಗೆದುಕೊಳ್ಳಲಿಲ್ಲ. ಒಂದು ಪುಸ್ತಕ ಎತ್ತಿ ಅವಳ ಮುಖಕ್ಕೆ ಹಿಡಿದು "ಸ್ಕ್ಯಾನ್ ಮಾಡಿ" ಎಂದ. ಅವಳು ಅಂಗೈಯನ್ನು ಪುಸ್ತಕದ ಎದುರು ಹಿಡಿದಳು. ಕೂಡಲೇ ಅವನ ಗಂಟಲು ಬದಲಾಯಿತು, ಅಂಗಡಿಯ ಸೌಂಡ್ ಬಾಕ್ಸಿನ ಹೆಂಗಸಿನ ಸ್ವರದಲ್ಲಿ "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ" ಎಂದ. ಆಮೇಲೆ ಪುನಃ ಗಂಡು ಸ್ವರ: "ರೈಟ್, ಪೋಯಿ."

ಒಂದೇ ಉಸಿರಿನಲ್ಲಿ ಕಂಡಕ್ಟರೂ ಅವನೇ, ಯಂತ್ರವೂ ಅವನೇ. ಕಲ್ಪನೆ ಬಡವಾಗಿದೆ ಎಂದು ನಾನು ಹೇಗೆ ಹೇಳಲಿ?

2021ರಲ್ಲಿ ಒಂದು ಹುಡುಗಿ ಗೊಂಬೆಯ ಮೂಗಿಗೆ ಇಯರ್‌ಬಡ್ ತೂರಿಸಿ "ನೆಗೆಟಿವ್ ಬಂದರೆ ಮನೆಗೆ ಹೋಗಬಹುದು" ಎನ್ನುತ್ತಿದ್ದಳು. ಇನ್ನೊಬ್ಬ ಗೋಡೆಯ ಟೈಲ್ಸನ್ನೇ ಆನ್‌ಲೈನ್ ಕ್ಲಾಸು ಮಾಡಿ, ಒಂದೊಂದು ಚೌಕಕ್ಕೂ ಒಂದೊಂದು ಹೆಸರಿಟ್ಟು "ಮ್ಯೂಟ್ ಮಾಡಿ, ಮ್ಯೂಟ್ ಮಾಡಿ" ಎಂದು ಬಯ್ಯುತ್ತಿದ್ದ. ಈಗ ಬೆನ್ನಿಗೆ ದಿಂಬು ಕಟ್ಟಿಕೊಂಡು ಊಟ ಡೆಲಿವರಿ ಮಾಡುವ ಮಕ್ಕಳಿದ್ದಾರೆ, ಬಾಗಿಲಲ್ಲಿ ನಿಂತು "ಒಟಿಪಿ ಹೇಳಿ" ಎನ್ನುತ್ತಾರೆ. ಮಹಿಷಾಸುರ, ರಾಮ, ಕಂಡಕ್ಟರ್, ಡೆಲಿವರಿ ಹುಡುಗ, ಯೂಟ್ಯೂಬಿನವ. ಮಗು ತನ್ನ ಸುತ್ತ ಯಾರಿಗೆ ಬೆಲೆ ಉಂಟೋ ಅವರ ವೇಷ ಕಟ್ಟುತ್ತದೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ ಎನ್ನುವುದಕ್ಕೆ ಒಂದು ಅಧ್ಯಯನ ಉಂಟು. ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಸಾಂಡ್ರಾ ರಸ್ ಎನ್ನುವ ಮನಶ್ಶಾಸ್ತ್ರಜ್ಞೆ ಮಕ್ಕಳ ಕೈಗೆ ಎರಡು ಕೈಗೊಂಬೆ, ಕೆಲವು ಮರದ ತುಂಡು ಕೊಟ್ಟು, ಐದು ನಿಮಿಷ ಆಡಲು ಬಿಟ್ಟು, ಆಟವನ್ನು ಅಳೆಯುವ ಕ್ರಮ ಮಾಡಿದ್ದರು. 1985ರಿಂದ 2008ರ ತನಕ ಈ ಕ್ರಮದಲ್ಲಿ ನಡೆದ 14 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಆರರಿಂದ ಹತ್ತು ವರ್ಷದ ಮಕ್ಕಳು. ಕಲ್ಪನೆ ಇಳಿದಿರಬೇಕು ಎಂದೇ ಎಲ್ಲರ ಅಂದಾಜು. ಇಳಿದಿರಲಿಲ್ಲ, ಸ್ವಲ್ಪ ಏರಿತ್ತು. ಅದು ಅಲ್ಲಿಯ ಮಕ್ಕಳ ಲೆಕ್ಕ, ಅದೂ ಫೋನು ಮನೆಮನೆಗೆ ಬರುವ ಮೊದಲಿನದು. ಅದನ್ನು ಬಿಜೈಗೆ ಹಾಗೇ ಅಂಟಿಸಲು ಬರುವುದಿಲ್ಲ. ಆದರೂ ಕಾಲ ಕೆಟ್ಟಿತು, ಕಲ್ಪನೆ ಸತ್ತಿತು ಎಂದು ಹೇಳುವ ಮೊದಲು ಒಂದು ಸಲ ನಿಲ್ಲಬೇಕು, ಅಲ್ವಾ?

ಹಾಗಂತ ಎಂತದೂ ಬದಲಾಗಿಲ್ಲ ಎಂದು ನಾನು ಹೇಳುವುದಿಲ್ಲ. ನಿಮ್ಮ ಮಗ ನಕ್ಕುಬಿಟ್ಟ ಹಾಗೆ ನಗಲೂ ಆಗುವುದಿಲ್ಲ. ನಿಮಗೆ ಮನಸ್ಸಿನಲ್ಲಿ ಏನೋ ಚುಚ್ಚುತ್ತಿದೆಯಲ್ಲ, ಅದು ಸರಿಯಾಗಿಯೇ ಚುಚ್ಚುತ್ತಿದೆ. ಬೆರಳಿಟ್ಟ ಜಾಗ ಮಾತ್ರ ಬೇರೆ.

ನಿಮ್ಮ ಅಂಗಳದ ಯಕ್ಷಗಾನಕ್ಕೆ ಎಷ್ಟು ಜನ ಬೇಕಿತ್ತು ಲೆಕ್ಕ ಹಾಕಿ. ಭಾಗವತ ಒಬ್ಬ, ಚೆಂಡೆಗೆ ಒಬ್ಬ, ಜಾಗಟೆ ಬದಲು ಬಟ್ಟಲು ಬಡಿಯಲು ಒಬ್ಬ. ತೆರೆ ಹಿಡಿಯಲು ಇಬ್ಬರು. ವೇಷ ಮೂರಾದರೂ ಬೇಡವೇ? ನೋಡಲು ನಾಲ್ಕು ಜನ ಬೇಡವೇ? ಹನ್ನೆರಡು ಮಕ್ಕಳು ಆಯಿತು. ದೊಡ್ಡಪ್ಪನ ಮಕ್ಕಳು, ಅತ್ತೆಯ ಮಕ್ಕಳು, ಒಕ್ಕಲಿನವರ ಮಕ್ಕಳು, ಪಕ್ಕದ ಮನೆಯವರು. ಅವರಲ್ಲಿ ಹನ್ನೊಂದು ವರ್ಷದ ಅಕ್ಕ ಒಬ್ಬಳು ಎಲ್ಲರನ್ನೂ ಆಳುತ್ತಿದ್ದಳು. ಮೂರು ವರ್ಷದ ಪುಟ್ಟವ ಆಟಕ್ಕುಂಟು ಲೆಕ್ಕಕ್ಕಿಲ್ಲ. ಅವನನ್ನು ಒಂದು ಮೂಲೆಯಲ್ಲಿ 'ದ್ವಾರಪಾಲಕ' ಎಂದು ನಿಲ್ಲಿಸಿದರೆ ಅವನೂ ಖುಷಿ, ಆಟವೂ ಸಲೀಸು. ಆ ಪುಟ್ಟವ ಅಲ್ಲೇ ನಿಂತು ನೋಡುತ್ತ ಎರಡು ವರ್ಷದಲ್ಲಿ ವೇಷಕ್ಕೆ ಬಡ್ತಿ ಪಡೆಯುತ್ತಿದ್ದ.

ಈಗ ನಿಮ್ಮ ಮನೆಯಲ್ಲಿ ಮಕ್ಕಳೆಷ್ಟು? ಒಂದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ಅಂದರೆ ಬೈರಾಸಿನ ಎರಡು ತುದಿ ಹಿಡಿಯಲೂ ಮನೆಯಲ್ಲಿ ಮಕ್ಕಳು ಸಾಲುವುದಿಲ್ಲ. ಶಾಲೆಯಲ್ಲಿ ಮಕ್ಕಳಿದ್ದಾರೆ ಸರಿ, ಅಲ್ಲಿ ಎಲ್ಲರೂ ಒಂದೇ ಪ್ರಾಯದವರು. ಆಟ ಹೇಳಿಕೊಡುವ ಅಕ್ಕನೂ ಇಲ್ಲ, ದ್ವಾರಪಾಲಕನಾಗುವ ಪುಟ್ಟವನೂ ಇಲ್ಲ. ಬಸ್ಸು ಆಟ ಹೇಗೆ ಆಡುವುದು ಎಂದು ಮಗು ಮಗುವಿನಿಂದ ಕಲಿಯುವ ದಾರಿ ಸಣ್ಣದಾಗಿದೆ. ನಿಮ್ಮ ಮೊಮ್ಮಗ ಯಾಕೆ ಯೂಟ್ಯೂಬಿನವನ ಆಟ ಆರಿಸಿದ ಎಂದು ಯೋಚಿಸಿದ್ದೀರಾ? ಒಬ್ಬನೇ ಆಡಲು ಬರುವ ಆಟ ಅದು. ನೋಡುವವರು ಬೇಕು, ಆದರೆ ಅವರು ಅಲ್ಲಿ ಇರಬೇಕೆಂದಿಲ್ಲ. ಅವನ ಪರಿಸ್ಥಿತಿಗೆ ಸರಿಯಾದ ವೇಷವನ್ನೇ ಅವನು ಕಟ್ಟಿದ್ದಾನೆ.

ಆ ಹನ್ನೆರಡು ಮಕ್ಕಳ ಆಟದಲ್ಲಿ ಜಗಳ ಬೇರೆ ಇರುತ್ತಿತ್ತು. "ನಿನ್ನೆಯೂ ನಾನೇ ರಾಕ್ಷಸ, ಇವತ್ತು ಸಾಯುವುದಿಲ್ಲ" ಎಂದು ಒಬ್ಬ ಹಟ ಹಿಡಿಯುತ್ತಾನೆ. "ಸರಿ, ನೀನು ಸತ್ತ ಮೇಲೆ ಪುನಃ ಎದ್ದು ಬರುವ ರಾಕ್ಷಸ" ಎಂದು ಅಕ್ಕ ರಾಜಿ ಮಾಡುತ್ತಾಳೆ. ಹತ್ತು ನಿಮಿಷ ಆಟ, ಇಪ್ಪತ್ತು ನಿಮಿಷ ಚೌಕಾಶಿ. ನನ್ನ ಅಭಿಪ್ರಾಯ ಕೇಳಿದರೆ ಆ ಇಪ್ಪತ್ತು ನಿಮಿಷವೇ ತೂಕದ್ದು. ಗೋಡೆ ಮಾತ್ರ ನಿಮ್ಮ ಮೊಮ್ಮಗನ ಜೊತೆ ಎಂದೂ ಜಗಳ ಆಡುವುದಿಲ್ಲ. ಅವನು ಕಳಕೊಂಡದ್ದು ಇದನ್ನು.

ಎರಡನೆಯದು ಹಟ್ಟಿಯ ಹಿಂದಿನ ಜಾಗ. ಅಥವಾ ಹಲಸಿನ ಮರದ ಬುಡ, ಬೈಹುಲ್ಲಿನ ಮರೆ, ಗುಡ್ಡೆಯ ಮೇಲಿನ ಮುರಕಲ್ಲಿನ ಹೊಂಡ. ದೊಡ್ಡವರ ಕಣ್ಣಿಗೆ ಬೀಳದ ಜಾಗ ನಿಮಗೆ ಹತ್ತಾರು ಇತ್ತು. ನೀವು ಎಂತ ಆಡುತ್ತಿದ್ದೀರಿ ಎಂದು ನಿಮ್ಮ ಅಮ್ಮನಿಗೆ ಗೊತ್ತೇ ಇರಲಿಲ್ಲ, ಅವರಿಗೆ ಪುರುಸೊತ್ತೂ ಇರಲಿಲ್ಲ. ನಿಮ್ಮ ಮೊಮ್ಮಗನಿಗೆ ಅಂಥ ಜಾಗ ಒಂದಾದರೂ ಉಂಟಾ? ಕೆಳಗೆ ಹೋದರೆ ವಾಚ್‌ಮನ್, ಕಾರು, ಸಿಸಿಟಿವಿ. ಮನೆಯಲ್ಲಿ ನೀವು. ಸಂಜೆ ಅಮ್ಮ, ಅಮ್ಮನ ಕೈಯಲ್ಲಿ ಫೋನು. ಅವನು ಸ್ವಲ್ಪ ಚಂದ ಮಾಡಿ ಕುಣಿದರೆ "ಇನ್ನೊಂದು ಸಲ ಮಾಡು ಪುಟ್ಟ, ಅತ್ತೆಗೆ ಕಳಿಸೋಣ". ಹುಟ್ಟಿದ ದಿನದಿಂದ ಅವನ ಎದುರು ಯಾರೋ ಒಬ್ಬರು ಫೋನು ಎತ್ತಿ ಹಿಡಿದು ನಿಂತಿದ್ದಾರೆ. ಈಗ ಅವನೇ ಎತ್ತಿ ಹಿಡಿದಿದ್ದಾನೆ. ಚಟ್ಟುಗದ ತುದಿಯ ಕ್ಯಾಮೆರಾ ಯೂಟ್ಯೂಬಿನಿಂದ ಮಾತ್ರ ಬಂದದ್ದಲ್ಲ ಅಕ್ಕ, ನಮ್ಮ ಮನೆಗಳಿಂದಲೂ ಬಂದಿದೆ.

ಇದರಲ್ಲಿ ನಾನೂ ತಪ್ಪಿತಸ್ಥೆ. ಮಗಳಿಗೆ ಮೂರು ವರ್ಷ ಇದ್ದಾಗ ಅಷ್ಟಮಿಯ ಮುದ್ದುಕೃಷ್ಣ ಸ್ಪರ್ಧೆಗೆ ಸೇರಿಸಿದ್ದೆ. ಬಾಡಿಗೆ ಕಿರೀಟ, ನವಿಲುಗರಿ, ಗಡಿಗೆಯಲ್ಲಿ ಬೆಣ್ಣೆಯ ಬದಲು ಹತ್ತಿ. ವೇದಿಕೆಯ ಕೆಳಗೆ ನಿಂತು ನಾನು "ಬೆಣ್ಣೆ ತಿನ್ನು, ಇಲ್ಲಿ ನೋಡು, ನಗು" ಎಂದು ಕೈಸನ್ನೆ ಮಾಡುತ್ತಿದ್ದೆ. ಅವಳು ಹತ್ತಿಯನ್ನು ನೋಡಿದಳು, ನನ್ನನ್ನು ನೋಡಿದಳು, ಜೋರಾಗಿ ಅತ್ತಳು. ಮಕ್ಕಳ ಆಟದ ಬಗ್ಗೆ ಓದಿದವಳು ನಾನು! ಮನೆಗೆ ಬಂದ ಮೇಲೆ ಅವಳು ಅದೇ ಕೊಳಲನ್ನು ಇಂಜೆಕ್ಷನ್ ಮಾಡಿಕೊಂಡು ಬೆಕ್ಕಿನ ಹಿಂದೆ ಓಡಿದಳು. ಅರ್ಧ ಗಂಟೆ ಬೆಕ್ಕಿಗೆ ಜ್ವರ ಇತ್ತು. ವೇದಿಕೆಯ ಮೇಲಿನದ್ದು ನನ್ನ ಆಟ, ಬೆಕ್ಕಿನ ಹಿಂದಿನದ್ದು ಅವಳದ್ದು. ಫ್ಯಾನ್ಸಿ ಡ್ರೆಸ್, ಬೇಸಿಗೆ ಶಿಬಿರ, ಬಾಡಿಗೆ ಹುಲಿವೇಷ ಇವೆಲ್ಲ ಕೆಟ್ಟದ್ದು ಅಂತಲ್ಲ, ಆದರೆ ಅವುಗಳಿಂದ ಮಗುವಿನ ಕಲ್ಪನೆ ಬೆಳೆಯಿತು ಎಂದು ಲೆಕ್ಕ ಬರೆಯಬೇಡಿ. ನವರಾತ್ರಿ ಮುಗಿದ ಮರುದಿನ ಅಪಾರ್ಟ್‌ಮೆಂಟಿನ ಮೆಟ್ಟಿಲಲ್ಲಿ ಬಕೆಟ್ ಬೋರಲು ಹಾಕಿ ತಾಸೆ ಬಡಿಯುತ್ತ ಕುಣಿಯುವ ಎರಡು ಮಕ್ಕಳನ್ನು ಕಂಡರೆ ಅದನ್ನು ಬರೆದಿಟ್ಟುಕೊಳ್ಳಿ.

ಆಟಿಕೆಯ ಬಗ್ಗೆ ಒಂದೇ ಮಾತು. ತೆಂಗಿನ ಗೆರಟೆ ಅನ್ನದ ಪಾತ್ರೆಯೂ ಹೌದು, ದೋಣಿಯೂ ಹೌದು, ಆಮೆಯೂ ಹೌದು. ಗುಂಡಿ ಒತ್ತಿದರೆ ತಾನೇ ಹಾಡುವ ಪ್ಲಾಸ್ಟಿಕ್ ಆಮೆ ಯಾವತ್ತೂ ಆಮೆಯೇ. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದವರು 36 ಸಣ್ಣ ಮಕ್ಕಳಿಗೆ ಒಮ್ಮೆ ನಾಲ್ಕು ಆಟಿಕೆ, ಇನ್ನೊಮ್ಮೆ ಹದಿನಾರು ಆಟಿಕೆ ಕೊಟ್ಟು ನೋಡಿದ್ದರು, 2018ರಲ್ಲಿ ಪ್ರಕಟವಾಯಿತು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಜಾಸ್ತಿ ಹೊತ್ತು, ಜಾಸ್ತಿ ಬಗೆಯಲ್ಲಿ ಆಡಿದರು. ಮೊಮ್ಮಗನ ಆಟಿಕೆಯಲ್ಲಿ ಮುಕ್ಕಾಲು ಪಾಲು ಮಂಚದ ಅಡಿಗೆ ಹೋಗಲಿ. ತಿಂಗಳಿಗೊಮ್ಮೆ ಬದಲಾಯಿಸಿ, ಹೊಸದು ತಂದ ಹಾಗೇ ಆಗುತ್ತದೆ.

ಇನ್ನು ಫೋನು. ನೋಡುವುದು ಬೇರೆ, ಆಡುವುದು ಬೇರೆ. ಅವನು ಯೂಟ್ಯೂಬಿನವನಾಗಿ ಆಡಿದರೆ ನನಗೆ ಚಿಂತೆ ಇಲ್ಲ. ಯೂಟ್ಯೂಬ್ ನೋಡುತ್ತ ಎರಡು ಗಂಟೆ ಬಾಯಿ ಬಿಟ್ಟು ಕೂತರೆ ಚಿಂತೆ ಉಂಟು. ಆ ಎರಡು ಗಂಟೆ ಆಟದ ಬಾಬ್ತಿನಿಂದಲೇ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ನಮ್ಮ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯೂ ಎರಡರಿಂದ ಐದು ವರ್ಷದವರೆಗೆ ಒಂದು ಗಂಟೆಯ ಮಿತಿಯನ್ನೇ ಹೇಳುತ್ತದೆ. ನಿಮ್ಮ ಮೊಮ್ಮಗನಿಗೆ ಸದ್ಯಕ್ಕೆ ಒಂದು ಗಂಟೆ ಎಂದೇ ಇಟ್ಟುಕೊಳ್ಳಿ.

ಒಂದು ವಿಷಯ ಹೇಳಿದರೆ ಬೇಸರ ಮಾಡಬೇಡಿ. ಸಂಜೆ ಹಾಲ್‌ನಲ್ಲಿ ಧಾರಾವಾಹಿ ಓಡುತ್ತಾ ಇರುತ್ತದಾ? ಮಗು ಅದನ್ನು ನೋಡದಿದ್ದರೂ ಅದು ಕೆಲಸ ಮಾಡುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸಿನ ಸಂಶೋಧಕರು ಒಂದರಿಂದ ಮೂರು ವರ್ಷದ ಮಕ್ಕಳು ಆಡುವ ಕೋಣೆಯಲ್ಲಿ ದೊಡ್ಡವರ ಕಾರ್ಯಕ್ರಮವನ್ನು ಸುಮ್ನೆ ಹಾಕಿಟ್ಟರು, 2008ರ ಅಧ್ಯಯನ. ಮಕ್ಕಳು ಟಿವಿಯತ್ತ ಆಗೊಮ್ಮೆ ಈಗೊಮ್ಮೆ ಕಣ್ಣು ಹಾಯಿಸಿದ್ದು ಅಷ್ಟೇ. ಆದರೂ ಅವರ ಆಟ ತುಂಡು ತುಂಡಾಯಿತು. ಐದು ವರ್ಷದವನಿಗೂ ಕಥೆ ಕಟ್ಟುತ್ತಿರುವಾಗ ಹಿಂದಿನಿಂದ ಅತ್ತೆ ಸೊಸೆ ಕಿರುಚಿದರೆ ಕಷ್ಟವೇ.

ಒಬ್ಬನೇ ಮಾತಾಡುವುದರ ಬಗ್ಗೆ ಕೇಳಿದ್ದೀರಿ. ಐದು ವರ್ಷಕ್ಕೆ ಅದು ಸಹಜ. ಕಾಣದ ಗೆಳೆಯನ ಜೊತೆ ಮಾತಾಡುವುದೂ ಸಹಜ. ಈ ವಿಷಯವನ್ನೇ ಓದಿದ ಮಾರ್ಜರಿ ಟೇಲರ್ ಮತ್ತು ಜೊತೆಗಾರರು 2004ರಲ್ಲಿ ಬರೆದ ಪ್ರಕಾರ, ಏಳು ವರ್ಷದೊಳಗೆ ಮೂರರಲ್ಲಿ ಸುಮಾರು ಎರಡು ಪಾಲು ಮಕ್ಕಳಿಗೆ ಯಾವಾಗಲಾದರೂ ಇಂಥ ಕಲ್ಪನೆಯ ಗೆಳೆಯ ಇದ್ದ. ನಾನು ಗಮನಿಸುವುದು ಬೇರೆ ಸಂಗತಿಗಳನ್ನು. ಹೆಸರು ಹಿಡಿದು ಕರೆದರೆ ತಿರುಗುತ್ತಾನಾ? ನಿಮ್ಮ ಮುಖ ನೋಡಿ ಮಾತಾಡುತ್ತಾನಾ? ಡಬ್ಬದಿಂದ ಇವತ್ತು ಕಾರು, ನಾಳೆ ಬೇರೆ ಎಂತದೋ ಬರುತ್ತದಾ? ಅಥವಾ ಯಾವುದೋ ವೀಡಿಯೊದ ಅದೇ ಸಾಲುಗಳನ್ನು, ಅದೇ ರಾಗದಲ್ಲಿ, ದಿನವೂ ಒಂದಕ್ಷರ ಬದಲಾಗದೆ ಹೇಳುತ್ತಾನಾ? ನೀವು ನಡುವೆ ಹೋಗಿ ಸ್ವಲ್ಪ ಬದಲಾಯಿಸಿದರೆ ವಿಪರೀತ ಸಂಕಟ ಪಡುತ್ತಾನಾ? ಕಡೆಯ ಎರಡಕ್ಕೆ ಹೌದು, ಮೊದಲ ಎರಡಕ್ಕೆ ಇಲ್ಲ ಎನ್ನುವ ಹಾಗಿದ್ದರೆ ತಡ ಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎರಡು ವರ್ಷ ದಾಟಿದರೂ ಹಾಗೆ ಮಾಡಿದಂತೆ ಹೀಗೆ ಮಾಡಿದಂತೆ ಆಡುವುದೇ ಇಲ್ಲ ಎಂದಾದರೂ ತೋರಿಸಬೇಕು. ನಿಮ್ಮ ಪತ್ರ ಓದಿದರೆ ನಿಮ್ಮ ಮನೆಯಲ್ಲಿ ಅಂಥದ್ದು ಕಾಣುವುದಿಲ್ಲ.

ಮಗ ಒಂದು ಪ್ರಶ್ನೆ ಕೇಳಬಹುದು, ಇದರಿಂದೆಲ್ಲ ಪ್ರಯೋಜನ ಎಂತ ಎಂದು. ಕಲ್ಪನೆಯ ಆಟ ಆಡಿದರೆ ಮಾರ್ಕು ಜಾಸ್ತಿ ಬರುತ್ತದೆ ಎಂದು ನಾನು ಬರೆದುಕೊಡುವುದಿಲ್ಲ. ವರ್ಜೀನಿಯಾ ವಿಶ್ವವಿದ್ಯಾಲಯದ ಏಂಜಲೀನ್ ಲಿಲ್ಲಾರ್ಡ್ ಮತ್ತಿತರರು 2013ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಆಟದಿಂದಲೇ ಬುದ್ಧಿ ಬೆಳೆಯುತ್ತದೆ ಎನ್ನುವುದಕ್ಕೆ ಗಟ್ಟಿ ಪುರಾವೆ ಸಾಲದು ಎಂದಿದ್ದಾರೆ. ಭಾಷೆ, ಕಥೆ ಹೇಳುವುದು ಇಂಥ ಕೆಲವು ಕಡೆ ಮಾತ್ರ ಸಂಬಂಧ ಇರಬಹುದಂತೆ. ನನಗೆ ಅದರಿಂದ ಬೇಸರವೇನಿಲ್ಲ. ಹಲಸಿನಹಣ್ಣು ತಿನ್ನುವುದು ವಿಟಮಿನ್‌ಗಾಗಿ ಅಲ್ಲವಲ್ಲ.

ಇನ್ನು ನೀವು ಮಾಡಬೇಕಾದ್ದು. ನಿಮ್ಮ ಕಾಲದ ಆಟ ಕಲಿಸಲು ಹೋಗಬೇಡಿ. "ಬಾ, ಯಕ್ಷಗಾನ ಆಡೋಣ, ಅದು ಒಳ್ಳೆಯದು" ಎಂದರೆ ಅದೂ ಇನ್ನೊಂದು ಟ್ಯೂಷನ್. ಮೊದಲು ಅವನ ಆಟಕ್ಕೆ ನೀವು ಹೋಗಿ. ಅವನು "ಹಾಯ್ ಫ್ರೆಂಡ್ಸ್" ಎಂದಾಗ ಗೋಡೆಯ ಬದಿಗೆ ಹೋಗಿ ಕೂತುಕೊಳ್ಳಿ. "ಹಾಯ್, ನಾನು ಬ್ರಹ್ಮಾವರದಿಂದ ನೋಡುತ್ತಿದ್ದೇನೆ, ಸ್ವಲ್ಪ ಜೋರಾಗಿ ಹೇಳಿ, ಕಿವಿ ಕೇಳುವುದಿಲ್ಲ" ಎನ್ನಿ. ಡಬ್ಬದಿಂದ ಅವನು ಕಾರು ತೆಗೆದರೆ "ಅಯ್ಯೋ, ನಾನು ಆರ್ಡರ್ ಮಾಡಿದ್ದು ಬಂಗುಡೆ ಮೀನು, ಇದು ಬೊಡ್ಚಿ" ಎಂದು ಹಿಂದೆ ಕಳಿಸಿ. ನೀವು ಮೀನು ತಿನ್ನದವರಾದರೆ ಬಸಳೆ ಆರ್ಡರ್ ಮಾಡಿ. ಈಗ ಅವನು ಯೋಚಿಸಬೇಕು. ಗೋಡೆ ಒಡ್ಡದ ಸವಾಲು ನೀವು ಒಡ್ಡಿದಿರಿ. ಆಮೇಲೆ ಎರಡನೇ ಮಹಡಿಯ ಮಗುವನ್ನು ಕರೆಯಿರಿ, ಪ್ರಾಯ ಹೆಚ್ಚು ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಚಾಕೊಲೇಟಿನ ಲಂಚ ಕೊಟ್ಟರೂ ಅಡ್ಡಿಯಿಲ್ಲ. ಬಂದವರು ಜಗಳ ಆಡಿದರೆ ರಕ್ತ ಬರುವ ತನಕ ಅಡುಗೆಮನೆಯಿಂದ ಹೊರಗೆ ಬರಬೇಡಿ.

ಜುಲೈಯಲ್ಲಿ ಡಿಸಿ ಮಳೆಗೆ ರಜೆ ಕೊಡುತ್ತಾರಲ್ಲ, ಆ ದಿನಗಳು ಚಿನ್ನ. ಹಿಂದೆ ನಮ್ಮ ಕಡೆ ಮಳೆಗಾಲವೇ ಚಾವಡಿಯೊಳಗಿನ ಆಟದ ಕಾಲ ಆಗಿತ್ತು. ಊಟದ ಮೇಜಿಗೆ ಹಳೆ ಸೀರೆ ಹೊದಿಸಿ ನೆಲದವರೆಗೆ ಇಳಿಬಿಡಿ. ಒಳಗೆ ಅವನಿದ್ದಾಗ ಬಗ್ಗಿ ನೋಡಬೇಡಿ, ಫೋಟೊ ಬೇಡ. ಹಟ್ಟಿಯ ಹಿಂದಿನ ಜಾಗ ಮೂರನೇ ಮಹಡಿಯಲ್ಲಿ ಸಿಗುವುದು ಹೀಗೆಯೇ.

ಯಕ್ಷಗಾನ? ಮುಂದಿನ ಸಲ ಊರಿಗೆ ಹೋದಾಗ ಎರಡು ಹಾಳೆ ತನ್ನಿ. ಅವನಿಗೆ ಎಂತದೂ ಹೇಳಬೇಡಿ. ಬಾಲ್ಕನಿಯಲ್ಲಿ ನಿಮ್ಮಷ್ಟಕ್ಕೆ ಕೂತು, ಕತ್ತರಿಸಿ, ನಿಮ್ಮ ತಲೆಗೇ ಅಳತೆ ನೋಡಿ ಕಿರೀಟ ಮಾಡಿ. ಮೀಸೆ ಬರೆದುಕೊಳ್ಳಿ. ಐದು ನಿಮಿಷದೊಳಗೆ ಅವನು ಚಟ್ಟುಗ ಹಿಡಿದು ಬಂದು ನಿಲ್ಲುತ್ತಾನೆ, "ಹಾಯ್ ಫ್ರೆಂಡ್ಸ್, ಇವತ್ತು ನಮ್ಮ ಅಜ್ಜಿ ರಾಕ್ಷಸ" ಎನ್ನುತ್ತಾನೆ. ನಿಲ್ಲಿಸಬೇಡಿ, ಒಂದು ಸಲ ಕೂಗಿ. ಬಸಳೆ ಹಣ್ಣಿನ ಬಣ್ಣ ಮಾತ್ರ ಹಾಲ್‌ನ ಬಿಳಿ ಟೈಲ್ಸಿನ ಹತ್ತಿರ ಬೇಡ. ಸೊಸೆ ಬೈದರೆ ನನ್ನ ಹೆಸರು ಹೇಳಿ.